ಮೊಸರಿನ ಸಾಕ್ಷಿ

ಕೋವಿಡ್ ವಾರ್ಡು ಮತ್ತೆ ಮಕ್ಕಳ ವಾರ್ಡಾಗಿ ಎರಡು ವರ್ಷ ಕಳೆದಿತ್ತು. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿದ ನಾನು ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಆಸ್ಪತ್ರೆಯ ಹೆಸರು ಬೇಡ. ಇಲ್ಲಿ ಬರುವ ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಬದಲಿಸದೆ ಬಿಟ್ಟಿರುವುದು ಬ್ಯಾಕ್ಟೀರಿಯಾಗಳ ಹೆಸರನ್ನು ಮಾತ್ರ. ಮಾನನಷ್ಟದ ದಾವೆ ಹೂಡುವ ಅಭ್ಯಾಸ ಅವಕ್ಕಿಲ್ಲ.

ಲ್ಯಾಬು ಎಂದರೆ ನೆಲಮಹಡಿಯ ಎರಡು ಕೋಣೆ. ಮುಂದಿನದರಲ್ಲಿ ರಕ್ತ, ಮೂತ್ರದ ಪರೀಕ್ಷೆ. ಹಿಂದಿನದರಲ್ಲಿ ಮೈಕ್ರೋಸ್ಕೋಪು, ಬ್ಯಾಕ್ಟೀರಿಯಾ ಬೆಳೆಸುವ ಇನ್‌ಕ್ಯುಬೇಟರು, ಬಣ್ಣದ ಬಾಟಲಿಗಳು, ಒಂದು ಸಿಂಕು. ಆ ಸಿಂಕಿನ ಒಡೆಯರು ಈರಣ್ಣ. ಬನಹಟ್ಟಿಯವರು. ಅವರ ಅಪ್ಪ, ಅಜ್ಜ ನೂಲಿಗೆ ಬಣ್ಣ ಹಾಕುತ್ತಿದ್ದವರು. ಈರಣ್ಣ ಡಿಪ್ಲೊಮಾ ಮಾಡಿ ಲ್ಯಾಬ್ ಟೆಕ್ನಿಶಿಯನ್ ಆದರು. ನಾನು ಅಕ್ಷರ ತಿದ್ದುವ ಕಾಲಕ್ಕೇ ಅವರು ಸ್ಲೈಡಿಗೆ ಬಣ್ಣ ಹಾಕುತ್ತಿದ್ದರು. ನನ್ನನ್ನು ‘ತಂಗಿ’ ಎನ್ನುತ್ತಿದ್ದರು. ಜಗಳ ಬಂದಾಗ ‘ಮೇಡಂ’ ಆಗುತ್ತಿದ್ದೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ತಂಡದಲ್ಲಿದ್ದುದು ಅವರಿಗೆ ಹೇಗೋ ತಿಳಿದುಬಿಟ್ಟಿತ್ತು. ಹೀಗಾಗಿ ವಾರಕ್ಕೊಮ್ಮೆಯಾದರೂ ಮೇಡಂ ಆಗುವ ಯೋಗ ತಪ್ಪುತ್ತಿರಲಿಲ್ಲ.

ಪ್ರಕರಣ ಹೇಳುವ ಮೊದಲು ಬಣ್ಣದ ವಿಷಯ ಹೇಳಬೇಕು. ಇಡೀ ಕಥೆ ನಿಂತಿರುವುದು ಅದರ ಮೇಲೆ.

ಬ್ಯಾಕ್ಟೀರಿಯಾ ಎಂಬುದು ಒಂದೇ ಕೋಶದ ಜೀವ. ಅದರೊಳಗೆ ಗಾಳಿ ತುಂಬಿದ ಟ್ಯೂಬಿನಲ್ಲಿರುವಂಥ ಒತ್ತಡ. ಹೊರಗೆ ಟೈರಿನಂಥ ಗಟ್ಟಿ ಹೊದಿಕೆ ಇಲ್ಲದಿದ್ದರೆ ಅದು ಒಡೆದುಹೋಗುತ್ತದೆ. ಆ ಹೊದಿಕೆಗೆ ಕೋಶಭಿತ್ತಿ, ಸೆಲ್ ವಾಲ್ ಎಂದು ಹೆಸರು. ಭಿತ್ತಿ ಎಂದ ಕೂಡಲೇ ನಮಗೆ ಇಟ್ಟಿಗೆ ಗೋಡೆ ನೆನಪಾಗುತ್ತದೆ. ನನ್ನ ಮಟ್ಟಿಗೆ ಅದು ತಪ್ಪು ಚಿತ್ರ. ಅದು ಕಟ್ಟಿದ್ದಲ್ಲ, ನೇಯ್ದದ್ದು. ಸಕ್ಕರೆಯ ಅಣುಗಳ ಉದ್ದನೆಯ ಎಳೆಗಳೇ ಹಾಸು. ಅವನ್ನು ಅಡ್ಡಡ್ಡ ಹಿಡಿದು ಕಟ್ಟುವ ಅಮೈನೋ ಆಮ್ಲಗಳ ಗಿಡ್ಡ ಎಳೆಗಳೇ ಹೊಕ್ಕು. ಈ ಬಟ್ಟೆಯ ಹೆಸರು ಪೆಪ್ಟಿಡೋಗ್ಲೈಕಾನ್. ಪೆನ್ಸಿಲಿನ್ ಜಾತಿಯ ಔಷಧಗಳು ಮಾಡುವುದು ಇಷ್ಟೇ: ಹೊಕ್ಕು ಕೂಡದಂತೆ ತಡೆಯುತ್ತವೆ. ಬ್ಯಾಕ್ಟೀರಿಯಾ ಬೆಳೆಯುತ್ತ ಹೋಗುತ್ತದೆ, ಬಟ್ಟೆ ಕೂಡಿಕೊಳ್ಳುವುದಿಲ್ಲ, ಒಳಗಿನ ಒತ್ತಡಕ್ಕೆ ತಾನೇ ಹರಿಯುತ್ತದೆ. ಮನುಷ್ಯರ ಕೋಶಗಳಿಗೆ ಇಂಥ ಬಟ್ಟೆಯೇ ಇಲ್ಲ. ಆದ್ದರಿಂದಲೇ ಆ ಔಷಧ ನಮ್ಮನ್ನು ಬಿಟ್ಟು ಅವನ್ನು ಹುಡುಕುತ್ತದೆ.

ಕೆಲವು ಬ್ಯಾಕ್ಟೀರಿಯಾಗಳ ಭಿತ್ತಿ ಕುರಿಗಾರರ ಕಂಬಳಿಯಂತೆ ದಪ್ಪ, ಪದರದ ಮೇಲೆ ಪದರ. ಇನ್ನು ಕೆಲವದು ಮಲ್ಮಲ್ಲಿನಂತೆ ತೆಳು, ಆದರೆ ಅದರ ಮೇಲೆ ಮೇಣಬಟ್ಟೆಯಂತೆ ಕೊಬ್ಬಿನ ಇನ್ನೊಂದು ಪೊರೆ. ಯಾವುದು ಯಾವುದೆಂದು ತಿಳಿಯುವ ಪರೀಕ್ಷೆಗೆ ಗ್ರಾಂ ಸ್ಟೇನ್ ಎನ್ನುತ್ತಾರೆ. ಮೊದಲು ನೇರಳೆ ಬಣ್ಣ, ಮೇಲೆ ಬಣ್ಣ ಕಚ್ಚಿಕೊಳ್ಳಲು ಅಯೋಡಿನ್. ಆಮೇಲೆ ಬಣ್ಣ ತೆಗೆಯುವ ದ್ರಾವಣದಿಂದ ತೊಳೆಯಬೇಕು. ಕಂಬಳಿ ನೇರಳೆಯನ್ನು ಬಿಟ್ಟುಕೊಡುವುದಿಲ್ಲ. ಮೇಣಬಟ್ಟೆ ಕರಗಿ, ಮಲ್ಮಲ್ಲು ಬಣ್ಣ ಬಿಟ್ಟು ಬೋಳಾಗುತ್ತದೆ. ಕೊನೆಗೆ ಹಾಕುವ ಗುಲಾಬಿ ಬಣ್ಣ ಬೋಳಾದವುಗಳ ಮೇಲೆ ಕಾಣುತ್ತದೆ. ನೇರಳೆ ಉಳಿದರೆ ಗ್ರಾಂ ಪಾಸಿಟಿವ್, ಗುಲಾಬಿ ಬಂದರೆ ಗ್ರಾಂ ನೆಗೆಟಿವ್. ಕೆಲವೇ ನಿಮಿಷಗಳ ಕೆಲಸ. ಆದರೆ ಆ ಬಣ್ಣ ಹೇಳಿದ ಮಾತಿನ ಮೇಲೆ ಡಾಕ್ಟರು ಔಷಧ ಬರೆಯುತ್ತಾರೆ. ಒಮ್ಮೊಮ್ಮೆ ಔಷಧಕ್ಕಿಂತ ದೊಡ್ಡದೂ ಅದರ ಮೇಲೆ ನಿಲ್ಲುತ್ತದೆ.

ಶ್ರಾವಣದ ಒಂದು ಸೋಮವಾರ. ಅಕ್ಕನ ಬಾಣಂತನಕ್ಕೆಂದು ಮುಧೋಳದ ನಮ್ಮ ಮನೆಯಲ್ಲಿ ಉಳಿದಿದ್ದ ನಾನು ರಜೆ ಮುಗಿಸಿ ಕೆಲಸಕ್ಕೆ ಬಂದೆ. ಮಕ್ಕಳ ವಾರ್ಡಿನ ಮುಂದಿನ ಪಡಸಾಲೆಯಲ್ಲೇ ಜಗಳ ಕಿವಿಗೆ ಬಿತ್ತು.

ಬೀಳಗಿಯ ಹುಡುಗಿ ಕಸ್ತೂರಿ, ಚೊಚ್ಚಲ ಬಾಣಂತಿ. ಮದುವೆಯಾದದ್ದು ಬನಹಟ್ಟಿಯ ನೇಕಾರರ ಮನೆಗೆ. ಗಂಡ ಸೀರೆಗಳ ಗಂಟು ಹೊತ್ತು ಇಚಲಕರಂಜಿ, ಸೊಲ್ಲಾಪುರ ಎಂದು ತಿರುಗುವವನು. ಹೆರಿಗೆಗೆ ತವರಿಗೆ ಬಂದಿದ್ದಳು. ಇನ್ನೂ ವಾರ ತುಂಬಿರದ ಕೂಸಿಗೆ ಎರಡೂ ಕಣ್ಣು ಬಾತು, ಕೀವು ಸೋರಿ, ರೆಪ್ಪೆ ಬಿಡಿಸಲು ಬಾರದಂತಾಗಿತ್ತು. ಬೆಳಿಗ್ಗೆ ಇಲ್ಲಿಗೆ ತಂದಿದ್ದರು. ಅದೇ ಹೊತ್ತಿಗೆ ಮೊಮ್ಮಗನನ್ನು ನೋಡಲೆಂದು ಬನಹಟ್ಟಿಯಿಂದ ಅತ್ತೆ ನೀಲವ್ವನೂ ಬಂದಿದ್ದರು. ಕೂಸಿನ ತಲೆಗೆ ಕಟ್ಟಲು ತಾವೇ ಹೊಲಿದ ಖಣದ ಕುಂಚಿಗೆಯನ್ನು ಚೀಲದಲ್ಲಿಟ್ಟುಕೊಂಡು.

ಕಣ್ಣಿನ ಕೀವನ್ನು ಈರಣ್ಣ ಎರಡು ಸ್ಲೈಡಿಗೆ ಬಳಿದು, ಒಂದಕ್ಕೆ ಬಣ್ಣ ಹಾಕಿ ನೋಡಿದ್ದರು. ಗುಲಾಬಿ ಬಣ್ಣದ ದುಂಡನೆಯ ಬ್ಯಾಕ್ಟೀರಿಯಾ, ಜೋಡಿಜೋಡಿ. ಗ್ರಾಂ ನೆಗೆಟಿವ್ ಡಿಪ್ಲೋಕಾಕೈ ಎಂದು ವರದಿ ಹೋಗಿತ್ತು. ನವಜಾತ ಶಿಶುವಿನ ಕಣ್ಣಿನಲ್ಲಿ ಇದು ಕಂಡರೆ ಡಾಕ್ಟರ ಮನಸ್ಸಿಗೆ ಮೊದಲು ಬರುವ ಹೆಸರು ಗೊನೋರಿಯಾ. ಅದು ಲೈಂಗಿಕ ಸಂಪರ್ಕದಿಂದ ಹರಡುವ ರೋಗ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿನ ಕಣ್ಣಿಗೆ ದಾಟುತ್ತದೆ, ತಡ ಮಾಡಿದರೆ ಕಣ್ಣೇ ಹೋಗುತ್ತದೆ. ಮಕ್ಕಳ ಡಾಕ್ಟರು ತಡ ಮಾಡಲಿಲ್ಲ. ಇಂಜೆಕ್ಷನ್ ಕೊಟ್ಟರು, ಕಣ್ಣು ತೊಳೆಸಿದರು, ಕೀವನ್ನು ಕಲ್ಚರಿಗೆ, ಎಂದರೆ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ ಹಾಕಿಸಿದರು. ಆಮೇಲೆ ಕಸ್ತೂರಿಯೊಬ್ಬಳನ್ನೇ ಕೂರಿಸಿಕೊಂಡು, ನೀವಿಬ್ಬರೂ, ಗಂಡ ಹೆಂಡತಿ, ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಆದರೆ ನಮ್ಮ ಆಸ್ಪತ್ರೆಯಲ್ಲಿ ಎಷ್ಟೋ ಕಡೆ ಗೋಡೆ ಎಂದರೆ ಹಸಿರು ಪರದೆ. ಪರದೆಯ ಆಚೆ ನೀಲವ್ವ ನಿಂತಿದ್ದರು.

ನಾನು ಹೋದಾಗ ಕುಂಚಿಗೆ ಮತ್ತೆ ಚೀಲ ಸೇರಿತ್ತು.

“ತೊಟ್ಟಲ ಕಾರ್ಯಕ್ಕ ನಾವ್ಯಾರೂ ಬರೂದಿಲ್ಲ. ನಿಮ್ಮವ್ವಗ ಹೇಳು,” ಎನ್ನುತ್ತಿದ್ದರು ನೀಲವ್ವ.

“ಅತ್ತೀ, ನಾ ಏನೂ ಮಾಡಿಲ್ಲರೀ.”

“ಹಂಗಾರ ನನ್ನ ಮಗ ಮಾಡ್ಯಾನಂತೀಯೇನ?”

“ಹಂಗೂ ಅನ್ನೂದಿಲ್ರೀ.”

“ನೀನೂ ಮಾಡಿಲ್ಲ, ಅವನೂ ಮಾಡಿಲ್ಲ. ಮತ್ಯಾರು, ಗಾಳಿ ಮಾಡೇತೇನ?”

ಗಂಡನಿಗೆ ಫೋನು ಹೋಗಿತ್ತಂತೆ. ‘ನಂದೇನೂ ಇಲ್ಲ’ ಎಂದು ಹೇಳಿ ಇಟ್ಟುಬಿಟ್ಟಿದ್ದ. ಅವನು ಊರೂರು ತಿರುಗುವವನು ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ಆಕೆ ಏಳನೆಯ ತಿಂಗಳಿಂದ ತವರಿನಲ್ಲಿದ್ದಳು ಎಂಬುದು ಮಾತ್ರ ಎರಡು ಸಲ ಬಂತು. ತೊಟ್ಟಿಲ ಕಾರ್ಯಕ್ಕೆ ಗಂಡನ ಮನೆಯವರು ಬಾರದಿದ್ದರೆ ಅದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸೋದರತ್ತೆ ಬಂದು ಕೂಸಿನ ಹೆಸರು ಕರೆಯಬೇಕು. ಬರಲಿಲ್ಲವೆಂದರೆ ತಾಯಿಯನ್ನೂ ಕರೆದೊಯ್ಯುವುದಿಲ್ಲ ಎಂದೇ.

ಒಂದು ಮಾತು ಸ್ಪಷ್ಟವಿರಲಿ. ವರದಿ ನಿಜವೇ ಆಗಿದ್ದರೂ ಅದು ಔಷಧ ಕೊಡಲು ಕಾರಣ, ಒಬ್ಬಳನ್ನು ಹೊರಗೆ ಹಾಕಲು ಅಲ್ಲ. ಡಾಕ್ಟರು ಇದನ್ನು ನೀಲವ್ವನಿಗೆ ಎರಡೆರಡು ಸಲ ಹೇಳಿದರು. ಆದರೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಎಲ್ಲರೂ ಯೋಚಿಸುತ್ತಿದ್ದರು. ಮೂರನೆಯ ಸಾಕ್ಷಿಯೊಂದಿತ್ತು: ಆ ಗಾಜಿನ ಸ್ಲೈಡು. ಅದರ ಮಾತಿನ ಮೇಲೇ ಇಷ್ಟೆಲ್ಲ ನಡೆದಿತ್ತು. ಅದನ್ನು ಯಾರೂ ಪಾಟಿಸವಾಲಿಗೆ ಕರೆದಿರಲಿಲ್ಲ.

ಲ್ಯಾಬಿಗೆ ಹೋದೆ. “ಬಂದ್ರ್ಯಾ ತಂಗಿ? ರಜಾ ಮುಗೀತ?” ಎಂದರು ಈರಣ್ಣ.

“ಆ ಕಣ್ಣಿನ ಸ್ಲೈಡ್ ಎಲ್ಲೈತ್ರೀ?”

“ಮೈಕ್ರೋಸ್ಕೋಪಿನ ಕೆಳಗ ಐತಿ, ನೋಡ್ರಿ. ಗುಲಾಬಿ ಜೋಡಿ. ಹತ್ತು ಸಲ ನೋಡಿ ಬರದೀನಿ.”

ನೋಡಿದೆ. ಗುಲಾಬಿಯೇ. ಜೋಡಿಯೇ. ಆದರೆ ಗೊನೋರಿಯಾದ ಬ್ಯಾಕ್ಟೀರಿಯಾ ಎದುರುಬದುರು ಕೂತ ಎರಡು ಅಲಸಂದಿ ಕಾಳಿನಂತೆ ಇರಬೇಕು, ಚಪ್ಪಟೆ ಮಗ್ಗುಲು ಒಳಗೆ. ಇವುಗಳ ಹೊರತುದಿ ಜೋಳದ ಕಾಳಿನಂತೆ ಚೂಪಾಗಿತ್ತು.

“ಈರಣ್ಣಾರ, ಇವು ಅಲಸಂದಿ ಅಲ್ಲ, ಜ್ವಾಳ.”

“ಆಕಾರ ನೋಡಿ ಹೆಸರಿಡೂದಾದ್ರ ಬಣ್ಣ ಯಾಕ ಹಾಕತೇವ್ರೀ? ಪ್ಯಾಟಿಗೆ ಹೋಗಿ ಕಾಳು ಕೊಂಡ ಬರೂಣ.”

ಅವರ ಮಾತಿನಲ್ಲಿ ನ್ಯಾಯವಿತ್ತು. ಚೂಪು ತುದಿ ಒಂದು ಅನುಮಾನ, ಪುರಾವೆಯಲ್ಲ. ನಾನು ಹಳೆಯ ಸ್ಲೈಡುಗಳ ಪೆಟ್ಟಿಗೆ ತೆಗೆದೆ. ನಾನಿಲ್ಲದ ದಿನಗಳ ಸ್ಲೈಡುಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಅನುಮಾನಕ್ಕಿಂತ ಕುತೂಹಲವೇ ಜಾಸ್ತಿಯಾಯಿತು. ಗುಲಾಬಿ, ಗುಲಾಬಿ, ಮತ್ತೂ ಗುಲಾಬಿ. ಯಾರದೋ ಕುರುವಿನ ಕೀವಿನಲ್ಲಿ ದ್ರಾಕ್ಷಿ ಗೊಂಚಲಿನಂಥ ಬ್ಯಾಕ್ಟೀರಿಯಾ. ಎಲ್ಲ ಪಠ್ಯಗಳ ಪ್ರಕಾರವೂ ಕಡುನೇರಳೆ ಇರಬೇಕಾದವು, ಅವೂ ಗುಲಾಬಿ. ಜಮಖಂಡಿಯ ನೇರಳೆಯೆಲ್ಲ ಎಲ್ಲಿ ಹೋಯಿತು?

“ಆ ಕುರು ಹಳೇದ ಇತ್ತು,” ಎಂದರು ಈರಣ್ಣ. “ಸತ್ತ ಬ್ಯಾಕ್ಟೀರಿಯಾದ ಗ್ವಾಡಿ ಸಡಲ ಆಗಿರತೈತಿ, ನೀಲಿ ಹಿಡಿಯೂದಿಲ್ಲ.” ನೇರಳೆಗೆ ಅವರು ನೀಲಿ ಎನ್ನುತ್ತಿದ್ದರು.

“ಇದು?”

“ಅಂವ ಮೊದಲ ಮೆಡಿಕಲ್ ಅಂಗಡಿ ಗುಳಿಗಿ ನುಂಗಿ ಬಂದಿದ್ದ. ಅದಕ್ಕೂ ಹಂಗ ಆಗತೈತಿ.”

ಎರಡೂ ಶಾಸ್ತ್ರಕ್ಕೆ ಸರಿಯಾದ ಉತ್ತರ. ಭಿತ್ತಿ ಮುಪ್ಪಾದರೆ, ಔಷಧದಿಂದ ಹರಿದರೆ ನೇರಳೆ ಸೋರುವುದು ನಿಜ. ಆದರೆ ಚರ್ಚೆಯಲ್ಲಿ ಕಲಿತ ಒಂದು ಪಾಠ ನೆನಪಾಯಿತು: ಎದುರಾಳಿಯ ಬಳಿ ಪ್ರತಿ ಪ್ರಶ್ನೆಗೂ ಬೇರೆ ಬೇರೆ ಒಳ್ಳೆಯ ಉತ್ತರಗಳಿದ್ದರೆ, ಎಲ್ಲಕ್ಕೂ ಸಲ್ಲುವ ಒಂದು ಉತ್ತರವನ್ನು ಹುಡುಕು.

“ಒಂದೊಂದಕ್ಕೂ ಒಂದೊಂದು ಕಾರಣ ಹೇಳಾಕತ್ತೀರಿ. ಎಲ್ಲಾ ಗುಲಾಬಿಗೂ ಒಂದ ಕಾರಣ ಯಾಕ ಇರಬಾರದು?”

“ಅಂದ್ರ ನಾ ತಪ್ಪು ಮಾಡೇನಿ ಅಂತೀರಿ, ಮೇಡಂ.”

ಮೇಡಂ ಆಗಿದ್ದೆ. ಹಿಂದೆ ಸರಿಯುವಂತಿರಲಿಲ್ಲ.

ನೇರಳೆ ಬಣ್ಣದ ಬಾಟಲಿಯೇ ಹಳತಾಗಿದೆ ಎಂಬುದು ನನ್ನ ಮೊದಲ ವಾದ. ಈರಣ್ಣ ಒಂದು ಸ್ಲೈಡಿಗೆ ನೇರಳೆ, ಅಯೋಡಿನ್ ಎರಡನ್ನೇ ಹಾಕಿ, ಮುಂದೆ ತೊಳೆಯದೆ ಮೈಕ್ರೋಸ್ಕೋಪಿನಡಿ ಇಟ್ಟರು. ಕಣ್ಣು ಕೋರೈಸುವ ನೇರಳೆ. ಬಾಟಲಿಗೆ ಏನೂ ಆಗಿರಲಿಲ್ಲ.

“ಭಾಷಣದಾಗ ಗೆದ್ದೀರಿ ಖರೆ, ಮೇಡಂ. ಬ್ಯಾಕ್ಟೀರಿಯಾಕ್ಕ ಕಿವಿ ಇರೂದಿಲ್ಲ,” ಎಂದು ನಕ್ಕು ಬುತ್ತಿ ಬಿಚ್ಚಿದರು. ಅಷ್ಟರಲ್ಲಿ ಊಟದ ಹೊತ್ತಾಗಿತ್ತು.

ನಾವು ಉಣ್ಣುತ್ತಿದ್ದುದು ಮುಂದಿನ ಕೋಣೆಯಲ್ಲಿ. ರೊಟ್ಟಿ, ಶೇಂಗಾ ಹಿಂಡಿ, ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು. ಈರಣ್ಣನವರ ಮನೆಯ ಮೊಸರು ಚಾಕುವಿನಿಂದ ಕತ್ತರಿಸುವಂತಿರುತ್ತಿತ್ತು. ಅವರು ಅದನ್ನು ನನ್ನ ತಾಟಿಗೂ ಹಾಕಿದರು; ಜಗಳ ಬೇರೆ, ಮೊಸರು ಬೇರೆ. ನಾನು ಚಮಚ ಬಾಯಿಗೆ ಒಯ್ಯುತ್ತಿದ್ದವಳು ನಿಂತೆ.

“ಈರಣ್ಣಾರ, ಮಸರಿನಾಗಿನ ಬ್ಯಾಕ್ಟೀರಿಯಾ ಯಾವ ಬಣ್ಣ ಬರಬೇಕು?”

“ನೀಲಿ. ದಪ್ಪ ಗ್ವಾಡಿದು. ಅದನ್ನೇನ ಕೇಳತೀರಿ?”

“ಹಳೇದಲ್ಲ?”

“ನಿನ್ನಿ ರಾತ್ರಿ ಹೆಪ್ಪ ಹಾಕ್ಯಾಳ.”

“ಗುಳಿಗಿ ನುಂಗಿಲ್ಲ?”

ಅವರು ನನ್ನನ್ನೇ ನೋಡಿದರು. “ಊಟದ ಮಸರ ಸ್ಲೈಡಿಗೆ ಹಚ್ಚತೀರೇನು? ನಿಮಗ ಬುದ್ಧಿ ಐತೇನ್ರೀ ತಂಗಿ?”

ತಂಗಿ ಎಂದರು. ಅಂದರೆ ಅವರಿಗೂ ಕುತೂಹಲ ಹುಟ್ಟಿತ್ತು.

ಒಂದು ಹನಿ ನೀರಿನಲ್ಲಿ ಮೊಸರು ಕದಡಿ, ತೆಳ್ಳಗೆ ಬಳಿದು, ಒಣಗಿಸಿದೆ. ಬಣ್ಣ ಹಾಕಿದ್ದು ಅವರೇ, ಯಾವಾಗಿನಂತೆ. ನೋಡಿದ್ದೂ ಮೊದಲು ಅವರೇ. ಮೈಕ್ರೋಸ್ಕೋಪಿನ ತಿರುಪನ್ನು ಹಿಂದೆ ಮುಂದೆ ಮಾಡಿದರು. ಚಶ್ಮಾ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಮಸರ ಕೆಟ್ಟೈತಿ,” ಎಂದರು.

“ಈಗ ಉಂಡೀವಲ್ರೀ ಇಬ್ಬರೂ?”

ಸ್ಲೈಡಿನ ತುಂಬ ಮೊಸರಿನ ಬ್ಯಾಕ್ಟೀರಿಯಾಗಳ ಸರಪಳಿಗಳು. ಒಂದೂ ಬಿಡದೆ ಗುಲಾಬಿ.

ಆಗ ಹೇಳಿದೆ: ಇನ್ನೊಂದು ಸ್ಲೈಡು ಮಾಡಿರಿ, ನಾನು ಮಾತಾಡುವುದಿಲ್ಲ, ನಿಮ್ಮ ಕೈ ನೋಡುತ್ತೇನೆ. ಅವರು ಮಾಡಿದರು. ನೇರಳೆ ಸರಿ. ಅಯೋಡಿನ್ ಸರಿ. ಆಮೇಲೆ ಸ್ಲೈಡನ್ನು ವಾರೆ ಹಿಡಿದು ಬಣ್ಣ ತೆಗೆಯುವ ದ್ರಾವಣ ಬಿಟ್ಟರು. ನೇರಳೆ ನೀರು ಹರಿಯಿತು, ಮಸುಕಾಯಿತು, ತಿಳಿಯಾಯಿತು. ತಿಳಿಯಾದ ಮೇಲೆ ಮತ್ತೊಮ್ಮೆ ಬಿಟ್ಟರು. ಸ್ಲೈಡನ್ನು ತೊಟ್ಟಿಲಿನಂತೆ ತೂಗಿ, ಇನ್ನೊಮ್ಮೆ.

“ತಿಳಿ ಆದಮ್ಯಾಲೂ ಯಾಕ ಬಿಡತೀರಿ?”

“ನಮ್ಮಪ್ಪ ಹೇಳತಿದ್ದ, ನೀರು ತಿಳಿ ಆದ್ರ ಸಾಲೂದಿಲ್ಲ, ತಿಳಿ ಆದಮ್ಯಾಲ ಇನ್ನೊಂದ ಸಲ ಜಾಲಿಸಿದ್ರನ ಲಡಿ ಖರೆ ಅಂತ. ಇಲ್ಲಂದ್ರ ಸೀರಿ ಉಟ್ಟಾಕಿ ಮೈಗೆಲ್ಲಾ ಬಣ್ಣ ಹತ್ತತೈತಿ.”

ನೂಲಿನ ಲಡಿಗೆ ಆ ಮಾತು ಅಪ್ಪಟ ಸತ್ಯ. ಅಂಟದೆ ಉಳಿದ ಬಣ್ಣ ಪೂರ್ತಿ ಹೋಗದಿದ್ದರೆ ಪಕ್ಕದ ಬಿಳಿ ಎಳೆ ಕೆಡುತ್ತದೆ, ಗಿರಾಕಿ ತಿರುಗಿ ಬರುವುದಿಲ್ಲ. ಬಣ್ಣದವರ ಮನೆಯಲ್ಲಿ ಒಂದು ಜಾಲು ಹೆಚ್ಚು ಹಾಕಿದವನಿಗೆ ಮರ್ಯಾದೆ. ಈರಣ್ಣ ಅದನ್ನು ಬಾಲ್ಯದಿಂದ ಕೈಗೆ ಕಲಿಸಿಕೊಂಡವರು, ಕೈ ಅದನ್ನು ಲ್ಯಾಬಿಗೂ ತಂದಿತ್ತು. ಆದರೆ ಹಾಗೆ ನೋಡಿದರೆ ಅವರು ಇಷ್ಟು ವರ್ಷವೂ ಹಾಗೇ ತೊಳೆದಿರಬೇಕಲ್ಲ? ನಾನು ರಜೆಗೆ ಹೋಗುವ ಮುಂಚೆ ಅವರದೇ ಸ್ಲೈಡುಗಳಲ್ಲಿ ಎಷ್ಟೋ ನೇರಳೆ ಕಂಡಿದ್ದೆ. ಕೈ ಬದಲಾಗದಿದ್ದರೆ ಬದಲಾದದ್ದೇನು?

ಬಾಟಲಿ ಎತ್ತಿ ನೋಡಿದೆ. ಮುಂಚೆ ನಾವು ಬಳಸುತ್ತಿದ್ದುದು ಬರೀ ಸ್ಪಿರಿಟ್ಟು, ಎಂದರೆ ಆಲ್ಕೋಹಾಲು. ಅದು ನಿಧಾನಿ, ಒಂದು ಜಾಲು ಹೆಚ್ಚಾದರೂ ದಪ್ಪ ಭಿತ್ತಿ ತಡೆದುಕೊಳ್ಳುತ್ತದೆ. ನಾನು ಹೋದ ಮೇಲೆ ಅದು ಮುಗಿದು, ಖರೀದಿಯವರು ಹೊಸ ಕಿಟ್ ತರಿಸಿದ್ದರು. ಅದರಲ್ಲಿ ಅಸಿಟೋನ್ ಬೆರೆತಿತ್ತು. ಉಗುರಿನ ಬಣ್ಣವನ್ನು ಒಂದೇ ಒರೆಸಿಗೆ ತೆಗೆಯುವುದೂ ಇದೇ ಅಸಿಟೋನು. ಅದನ್ನು ಹಾಕಿ ಎರಡು ಮೂರು ಸೆಕೆಂಡಿಗೆ ನೀರು ಬಿಡಬೇಕು. ಕಿಟ್ಟಿನೊಳಗಿನ ಚೀಟಿಯಲ್ಲಿ ಇರುವೆಗಾತ್ರದ ಇಂಗ್ಲಿಷಿನಲ್ಲಿ ಅದನ್ನು ಬರೆದಿತ್ತು. ಚೀಟಿ ಮಡಿಕೆ ಬಿಚ್ಚದೆ ಡಬ್ಬಿಯ ತಳದಲ್ಲಿತ್ತು. ಹಳೆಯ ಕೈ, ಹೊಸ ಬಾಟಲಿ. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿ. ಕೂಡಿದಾಗ ಕಂಬಳಿಯೂ ಬೋಳಾಗುತ್ತಿತ್ತು.

ನನಗೆ ಗೆದ್ದ ಹುಮ್ಮಸ್ಸು. ಬೆಳಿಗ್ಗೆ ಬಣ್ಣ ಹಾಕದೆ ಉಳಿದಿದ್ದ, ಕಣ್ಣಿನ ಕೀವಿನ ಎರಡನೆಯ ಸ್ಲೈಡಿಗೆ ಕೈಹಾಕಿದೆ. ಈರಣ್ಣ ನನ್ನ ಕೈಗೆ ಅಡ್ಡ ಬಂದರು.

“ತಡೀರಿ. ನೀವು ಕಡಿಮಿ ತೊಳದ್ರ ಗುಲಾಬಿ ಆಗೂವೂ ನೀಲಿ ಉಳೀತಾವ. ಆಗ ನೀವು ‘ನೋಡ್ರಿ ನೀಲಿ’ ಅಂತೀರಿ. ನನ್ನ ಗುಲಾಬಿ ಸುಳ್ಳಾದ್ರ ನಿಮ್ಮ ನೀಲಿ ಹ್ಯಾಂಗ ಖರೆ? ಇರೂದು ಒಂದ ಸ್ಲೈಡ್.”

ಒಳ್ಳೆಯ ಏಟು. ಕೂಸಿಗೆ ಬೆಳಿಗ್ಗೆಯೇ ಇಂಜೆಕ್ಷನ್ ಬಿದ್ದಿತ್ತು. ಅದೂ ಭಿತ್ತಿ ನೇಯುವುದನ್ನು ತಡೆಯುವ ಜಾತಿಯದೇ. ಹೊಸದಾಗಿ ಕೀವು ತೆಗೆದರೂ ಹರಿದ ಭಿತ್ತಿಗಳೇ ಸಿಗಬಹುದು. ಔಷಧಕ್ಕೆ ಮುಂಚಿನ ಸಾಕ್ಷಿಯಾಗಿ ಉಳಿದದ್ದು ಈ ಒಂದು ಸ್ಲೈಡು.

ಇಬ್ಬರೂ ಕೂತು ಷರತ್ತು ಹಾಕಿಕೊಂಡೆವು. ಮೊಸರಿನಂತೆ ನೇರಳೆ ಬರಲೇಬೇಕಾದ ಸಾಕ್ಷಿಯೊಂದಿದ್ದರೆ, ಗುಲಾಬಿ ಬರಲೇಬೇಕಾದ ಸಾಕ್ಷಿಯೂ ಇರಬೇಕು. ಅದು ಇನ್‌ಕ್ಯುಬೇಟರಿನಲ್ಲೇ ಇತ್ತು: ಯಾರದೋ ಮೂತ್ರದಿಂದ ಬೆಳೆಸಿ ಗುರುತು ಹಿಡಿದಿದ್ದ ಇ. ಕೊಲೈ. ಕರುಳಿನ ಬ್ಯಾಕ್ಟೀರಿಯಾ, ತೆಳು ಭಿತ್ತಿಯದು. ಮೊದಲು ಖಾಲಿ ಸ್ಲೈಡಿನ ಒಂದು ತುದಿಗೆ ಮೊಸರು, ಇನ್ನೊಂದು ತುದಿಗೆ ಇ. ಕೊಲೈ ಹಚ್ಚಿ ಅಭ್ಯಾಸ ಮಾಡುವುದು. ಮೊಸರು ನೇರಳೆ, ಇ. ಕೊಲೈ ಗುಲಾಬಿ ಬರುವವರೆಗೆ ಕಣ್ಣಿನ ಸ್ಲೈಡು ಮುಟ್ಟಬಾರದು.

“ಆತು. ತೊಳಿಯೂದು ನೀವ ತೊಳೀರಿ, ನನ್ನ ಕೈ ಕೆಟ್ಟೈತಿ,” ಎಂದರು. ದನಿಯಲ್ಲಿ ನೋವಿತ್ತು.

“ಬ್ಯಾಡ್ರೀ. ನನಗ ನೀಲಿ ಬೇಕಾಗೈತಿ. ನಾ ತೊಳದ್ರ ಗೆಲ್ಲಾಕ ತೊಳದಂಗ ಆಗತೈತಿ. ನೀವ ತೊಳೀರಿ.”

ಮೊದಲ ಅಭ್ಯಾಸದಲ್ಲಿ ಎರಡೂ ಗುಲಾಬಿ. ಎರಡನೆಯದರಲ್ಲಿ ಹೆದರಿ ಬೇಗ ನೀರು ಬಿಟ್ಟರು, ಎರಡೂ ನೇರಳೆ. “ನೋಡ್ರಿ, ನಾ ಹೇಳಲಿಲ್ಲ?” ಎಂದು ತಮ್ಮ ಸೋಲಿನಲ್ಲೂ ತಮ್ಮ ವಾದ ಗೆದ್ದುದಕ್ಕೆ ಖುಷಿಪಟ್ಟರು. ಮುಂದಿನದು ಕೂಡಿಬಂತು. ಅದೇ ಕೈಯಲ್ಲಿ ಮತ್ತೊಂದು. ಅದೂ ಕೂಡಿತು. ಆಮೇಲೆ ಕಣ್ಣಿನ ಸ್ಲೈಡು ತೆಗೆದರು. ನಡುವೆ ಕೂಸಿನ ಕೀವು, ಎಡಕ್ಕೆ ಮೊಸರು, ಬಲಕ್ಕೆ ಇ. ಕೊಲೈ. ಅವರ ತುಟಿ ಸೆಕೆಂಡು ಎಣಿಸುತ್ತ ಮಣಮಣ ಎನ್ನುತ್ತಿತ್ತು. ನೇರಳೆ ಹರಿದು ಮಸುಕಾಯಿತು. ಪೂರ್ತಿ ತಿಳಿಯಾಗುವ ಮುಂಚೆ ಅವರು ಥಟ್ಟನೆ ನೀರು ಬಿಟ್ಟರು. ಒಂದು ಜಾಲು ಬಿಟ್ಟುಕೊಡಲು ಆ ಕೈಗೆ ಎಷ್ಟು ಕಷ್ಟವಾಯಿತೆಂದು ಬೆರಳುಗಳಲ್ಲೇ ಕಂಡಿತು.

ಎಡತುದಿ ನೇರಳೆ. ಬಲತುದಿ ಗುಲಾಬಿ. ನಡುವಿಗೆ ಸರಿಸಿದರು.

“ತಂಗಿ,” ಎಂದರು, “ನಿಮ್ಮ ಜ್ವಾಳ ನೀಲಿ ಆಗ್ಯಾವ.”

ಕೀವಿನ ಕೋಶಗಳ ಗುಲಾಬಿ ನೆಲದ ಮೇಲೆ ಜೋಡಿಜೋಡಿ ನೇರಳೆ ಕಾಳುಗಳು, ಹೊರತುದಿ ಚೂಪು. ನ್ಯುಮೋಕಾಕಸ್ ಇರಬೇಕು. ಗಂಟಲಿನಲ್ಲಿ, ಮೂಗಿನಲ್ಲಿ ಸದ್ದಿಲ್ಲದೆ ವಾಸಿಸುವ ಬ್ಯಾಕ್ಟೀರಿಯಾ; ಮನೆಯಲ್ಲಿ ನೆಗಡಿಯಾದ ಯಾರೇ ಕೂಸನ್ನು ಮುದ್ದಾಡಿದರೂ ಅದು ಕಣ್ಣಿಗೆ ದಾಟಬಹುದು.

ನಾನು ಡಾಕ್ಟರ ಬಳಿ ಓಡಲು ಎದ್ದೆ. “ನಾ ಹೇಳತೀನಿ,” ಎಂದು ಈರಣ್ಣನೇ ಹೋದರು.

ಡಾಕ್ಟರು ಬಂದು ಮೂರೂ ಕಲೆ ನೋಡಿದರು. “ಕಲ್ಚರ್ ಬರೂತನಕ ನಾನು ಪೂರ್ತಿ ಹೇಳೂದಿಲ್ಲ. ಆದ್ರ ಬೆಳಿಗ್ಗಿ ಹೇಳಿದ್ದನ್ನ ವಾಪಸ್ ತಗೋತೀನಿ,” ಎಂದು ನೀಲವ್ವನನ್ನೂ ಕಸ್ತೂರಿಯನ್ನೂ ಕರೆಸಿದರು. ನೀಲವ್ವ ಬನಹಟ್ಟಿ ಬಸ್ಸಿಗೆಂದು ಗೇಟಿನವರೆಗೆ ಹೋಗಿದ್ದರು. ಬಂದವರು ಕೂರಲಿಲ್ಲ.

“ಮುಂಜಾನಿ ಒಂದ ಹೇಳತೀರಿ, ಮಧ್ಯಾಹ್ನ ಒಂದ ಹೇಳತೀರಿ. ಇದು ದವಾಖಾನಿಯೋ ಸಂತಿಯೋ?”

ಕೋಪ ನ್ಯಾಯದ್ದೇ. ಮಾತಿಗಿಂತ ತೋರಿಸುವುದು ಮೇಲೆಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಹೊಕ್ಕಿನಲ್ಲಿ ತುಂಡಾದ ಒಂದು ಎಳೆಯನ್ನೂ ಹಿಡಿಯುವ ಕಣ್ಣು ಅದು, ಒಮ್ಮೆಗೇ ಹೊಂದಿಕೊಂಡಿತು. ಇದು ಮೊಸರು, ಇದು ಬಣ್ಣ ಹಿಡಿಯದ ಜಾತಿ, ಇದು ನಿಮ್ಮ ಮೊಮ್ಮಗನ ಕಣ್ಣಿನದು ಎಂದೆ. ಬೆಳಗಿನ ಸ್ಲೈಡನ್ನೂ ತೋರಿಸಿದೆ. ಹೆಚ್ಚು ತೊಳೆದದ್ದರಿಂದ ಬಣ್ಣ ಹೋಗಿತ್ತು ಎಂದೆ.

ನೀಲವ್ವ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಯಾರನ್ನೂ ನೋಡದೆ ಹೇಳಿದರು: “ನಮ್ಮ ಸೀರಿ ಒಯ್ದು ಸೋಡಾದಾಗ ಕುದಿಸಿ, ಬಣ್ಣ ಹೋತು ಅಂತ ತಿರಿಗಿ ತರತಾರ. ತೊಳದಾಕಿನ್ನ ಯಾರೂ ಬೈಯೂದಿಲ್ಲ. ನೇದಾಕಿನ್ನ ಬೈತಾರ.”

ಕಸ್ತೂರಿ ಕೂಸನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ನೀಲವ್ವ ಆ ದಿನ ಬಸ್ಸು ಹತ್ತಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಮರುದಿನ ರಕ್ತ ಬೆರೆಸಿದ ಕಲ್ಚರಿನ ತಟ್ಟೆಯಲ್ಲಿ ಸಣ್ಣ ಸಣ್ಣ ಚುಕ್ಕೆಗಳೆದ್ದು, ಸುತ್ತಲಿನ ರಕ್ತದ ಕೆಂಪು ಹಸಿರಾಗಿತ್ತು. ಉಳಿದ ಪರೀಕ್ಷೆಗಳನ್ನೂ ಮಾಡಿ ನ್ಯುಮೋಕಾಕಸ್ ಎಂದು ಖಚಿತ ಮಾಡಿದೆವು. ಗೊನೋರಿಯಾದ ಸುಳಿವು ಇರಲಿಲ್ಲ. ಹೇಳಲು ವಾರ್ಡಿಗೆ ಹೋದಾಗ ಕೂಸಿನ ಬಾವು ಇಳಿದು, ಒಂದು ಕಣ್ಣು ಅರ್ಧ ತೆರೆದಿತ್ತು. ತಲೆಯ ಮೇಲೆ ಖಣದ ಕುಂಚಿಗೆ ಆಗಲೇ ಕಟ್ಟಿತ್ತು. ಕಲ್ಚರಿನ ವರದಿಗೆ ನೀಲವ್ವ ಕಾದಿರಲಿಲ್ಲ.

“ನಿನ್ನ ಗಂಡಗ ಫೋನ್ ಮಾಡು,” ಎನ್ನುತ್ತಿದ್ದರು ಸೊಸೆಗೆ. “ಇಲ್ಲಿಗೆ ಬಾ ಅನ್ನು. ಬಂದ್ರ ನಾ ಮಾತಾಡತೀನಿ ಅವನ ಜೋಡಿ. ‘ನಂದೇನೂ ಇಲ್ಲ’ ಅಂತ ಫೋನ್ ಇಟ್ಟನಲ್ಲ, ಹೆಂಡತಿದು ಏನಾತಂತ ಕೇಳಿದನೇನ?”

ಕಸ್ತೂರಿ ಫೋನು ಕೈಗೆತ್ತಿಕೊಳ್ಳಲಿಲ್ಲ. “ನೀವ ಮಾಡ್ರಿ ಅತ್ತೀ,” ಎಂದಳು. “ನಾ ನಿನ್ನಿ ಮಾಡೀನಿ.” ಆ ಎರಡು ಮಾತಿನಲ್ಲಿ ಅವಳ ಲೆಕ್ಕ ಇನ್ನೂ ಮುಗಿದಿಲ್ಲವೆಂದು ನನಗೆ ಕಂಡಿತು. ಮುಗಿಸಬೇಕಾದ ಅವಸರವೂ ಅವಳಿಗಿರಲಿಲ್ಲ.

ನಮ್ಮ ಕೆಲಸವೂ ಮುಗಿದಿರಲಿಲ್ಲ. ಹೊಸ ಬಾಟಲಿ ಬಂದ ಮೇಲಿನ ಎಲ್ಲ ವರದಿಗಳನ್ನೂ ಮತ್ತೆ ನೋಡಬೇಕಾಯಿತು. ಈರಣ್ಣ ಒಬ್ಬೊಬ್ಬರಿಗೂ ತಾವೇ ಫೋನು ಮಾಡಿ, “ನಮ್ಮ ಕಡೆ ತಪ್ಪಾಗೈತ್ರೀ, ಒಂದ ಸಲ ಬರ್ರಿ,” ಎಂದರು. ಕುರುವಿನ ಆ ರೋಗಿ ಬೈಯುತ್ತಲೇ ಬಂದ. ಅವನ ಕುರು ಮಾಯದೆ ಹಾಗೇ ಇತ್ತು. ಔಷಧ ಬದಲಾಯಿಸಿದ ಮೇಲೆ ಮಾದಿತು. ಬೈಗುಳವನ್ನು ಈರಣ್ಣ ನಿಂತು ಕೇಳಿದರು.

ನಾನು ಸಂಶಯದ ಪ್ರಾಣಿ. ಆ ವಾರದವರೆಗೂ ನನ್ನ ಸಂಶಯವೆಲ್ಲ ಉತ್ತರಗಳ ಮೇಲಿರುತ್ತಿತ್ತು: ಇದು ಸರಿಯೇ, ಅದು ಹೌದೇ. ಉತ್ತರ ಕೊಡುವ ಸಾಕ್ಷಿಗೆ ಮೊದಲು ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಬೇಕು ಎಂಬುದನ್ನು ಆ ಕೆಲಸ ಕಲಿಸಿತು. ಮೊಸರನ್ನು ಮೊಸರೆಂದು ಹೇಳಬಲ್ಲ ಪರೀಕ್ಷೆಗೆ ಮಾತ್ರ ಒಂದು ಮನೆಯ ಮಾತನ್ನು ಒಪ್ಪಿಸಬಹುದು. ಮತ್ತು ಅದು ‘ಹೌದು’ ಎಂದಷ್ಟೇ ಅಲ್ಲ, ‘ಅಲ್ಲ’ ಎಂದೂ ಹೇಳಬಲ್ಲದೇ ಎಂದು ನೋಡಬೇಕು. ಇದರ ಎರಡನೆಯ ಅರ್ಧ ನನ್ನದಲ್ಲ, ಕೈ ಅಡ್ಡ ಹಿಡಿದ ಈರಣ್ಣನದು.

ಆಮೇಲೆ ನಮ್ಮ ಲ್ಯಾಬಿನಲ್ಲಿ ದಿನದ ಮೊದಲ ಸ್ಲೈಡು ಎರಡು ತುದಿಯದೇ. ತರಿಸಿಟ್ಟ ಅಧಿಕೃತ ಬ್ಯಾಕ್ಟೀರಿಯಾಗಳು ಈಗ ಇವೆ. ಆದರೂ ಈರಣ್ಣ ಮೊಸರು ಬಿಟ್ಟಿಲ್ಲ. ಬುತ್ತಿಯಲ್ಲಿ ದೊಡ್ಡ ಡಬ್ಬಿಯ ಪಕ್ಕ ದೇವರ ಅಂಗಾರ ಇಡುವ ಕರಡಿಗೆಯಷ್ಟು ಸಣ್ಣದೊಂದು ಡಬ್ಬಿ ಬರುತ್ತದೆ. ಎರಡು ಡಬ್ಬಿ ಯಾಕೆಂದು ಹೆಂಡತಿ ಕೇಳಿದರಂತೆ.

“ಏನಂದ್ರಿ?” ಎಂದೆ.

“ದೊಡ್ಡದು ನನಗ, ಸಣ್ಣದು ಸಾಕ್ಷಿಗೆ ಅಂದೆ,” ಎಂದು ಸ್ಲೈಡನ್ನು ವಾರೆ ಹಿಡಿದರು. ನೇರಳೆ ಹರಿಯತೊಡಗಿತು. “ಸುಮ್ಮನ ಇರ್ರಿ ತಂಗಿ. ಈಗ ಮಾತಾಡಿಸಬ್ಯಾಡ್ರಿ.”